ಟೈರು ತಿನ್ನುವ ನಂಜಯ್ಯ

ಸೇಲಂ ಹೊರವಲಯದ ಆ ಲಾರಿ ಯಾರ್ಡಿನಲ್ಲಿ ಸವೆದು ಬಿಚ್ಚಿದ ಟೈರುಗಳನ್ನು ಬೇವಿನ ಮರದ ಕೆಳಗೆ ಪೇರಿಸುತ್ತಿದ್ದರು. ಯಾವ ಗಾಡಿಯದು ಎಂದು ಗೊತ್ತಾಗಲು ಪ್ರತಿಯೊಂದರ ಮೇಲೂ ಬಿಳಿ ಬಣ್ಣದಲ್ಲಿ ಗಾಡಿಯ ನಂಬರು ಬರೆದಿರುತ್ತಿದ್ದರು. ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ರಾಶಿಯ ಅರ್ಧದಷ್ಟು ಟೈರುಗಳ ಮೇಲೆ ಒಂದೇ ನಂಬರು ಇತ್ತು. ಅದು ನಂಜಯ್ಯನ ಗಾಡಿಯದು.

ನಂಜಯ್ಯ ನಂಗವಳ್ಳಿ ಕಡೆಯವನು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ವಯಸ್ಸು ಐವತ್ತೊಂದು, ಅದರಲ್ಲಿ ಇಪ್ಪತ್ತೇಳು ವರ್ಷ ಸ್ಟೀರಿಂಗ್ ಹಿಡಿದೇ ಕಳೆದಿದ್ದ. ಈಗ ಓಡಿಸುತ್ತಿದ್ದುದು ಹದಿನೆಂಟು ಚಕ್ರದ ಟ್ರೈಲರ್ ಲಾರಿ: ಮುಂದೆ ಇಂಜಿನ್ ಗಾಡಿ, ಅದಕ್ಕೆ ಕೊಂಡಿ ಹಾಕಿದ ಉದ್ದನೆಯ ಟ್ರೈಲರು. ಸೇಲಂನಿಂದ ಹೊಸೂರಿಗೆ ಕಬ್ಬಿಣದ ಕಂಬಿ, ಹೊಸೂರಿನಿಂದ ಸೇಲಂಗೆ ಯಂತ್ರದ ಬಿಡಿಭಾಗಗಳು. ವಾರಕ್ಕೆ ನಾಲ್ಕು ಸಲ ಅದೇ ದಾರಿ. ಒಂದು ದಿನವೂ ಕುಡಿದು ಗಾಡಿ ಹತ್ತಿದವನಲ್ಲ, ಯಾರಿಗೂ ಗಾಡಿ ತಾಗಿಸಿದವನಲ್ಲ. ಆದರೂ ಈಚೆಗೆ ಯಾರ್ಡಿನಲ್ಲಿ ಅವನಿಗೆ ‘ಟೈರು ತಿನ್ನುವವನು’ ಎಂಬ ಹೆಸರು ಬಿದ್ದಿತ್ತು. ಕ್ಯಾಂಟೀನಿನಲ್ಲಿ ಅವನು ಇಡ್ಲಿಗೆ ಕೈಹಾಕಿದರೆ ಯಾರಾದರೂ ಒಬ್ಬ, “ಇವತ್ತು ಇಡ್ಲಿ ಸಾಕಾ ಅಣ್ಣೇ, ಟೈರು ಬೇಡವಾ?” ಎನ್ನುತ್ತಿದ್ದ. ನಂಜಯ್ಯ ತಾನೂ ನಕ್ಕು ತಿಂದು ಎದ್ದುಬಿಡುತ್ತಿದ್ದ.

ಗಾಡಿಗಳ ಮಾಲೀಕ ವಿಶ್ವನಾಥನ್ ಕೂಗಾಡುವ ಜಾತಿಯ ಮನುಷ್ಯನಲ್ಲ. ಅದಕ್ಕೇ ಅವನು ಕರೆಸಿ ಕೂರಿಸಿದಾಗ ಇದು ಸಣ್ಣ ವಿಷಯವಲ್ಲ ಎಂದು ನಂಜಯ್ಯನಿಗೆ ಗೊತ್ತಾಯಿತು.

“ನಂಜಯ್ಯಾ, ಒಳ್ಳೆ ಟೈರು ಹಾಕಿ, ಗಾಳಿ ಸರಿಯಾಗಿ ಇಟ್ಟುಕೊಂಡು, ಲೋಡು ಮೀರದೆ ಓಡಿಸಿದರೆ ಎಂಬತ್ತು ಸಾವಿರ ಕಿಲೋಮೀಟರಿಗೆ ಮೋಸ ಇಲ್ಲ,” ಎಂದ ವಿಶ್ವನಾಥನ್ ತಮಿಳಿನಲ್ಲಿ. “ಕೆಲವರು ಲಕ್ಷ ದಾಟಿಸ್ತಾರೆ. ಅದೇ ರಸ್ತೆ, ಅದೇ ಲೋಡು, ಅದೇ ಕಂಪನಿ ಟೈರು. ನಿನ್ನದು ಮಾತ್ರ ನಲವತ್ತಕ್ಕೇ ಬೋಳು. ಯಾಕೆ?”

“ಗೊತ್ತಿಲ್ಲ ಸಾರ್.”

“ಓಡಿಸೋವನಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರುತ್ತೆ? ಸೋಮವಾರದಿಂದ ಊರೊಳಗಿನ ಚಿಕ್ಕ ಗಾಡಿ ನೋಡಿಕೋ. ಬೇಜಾರು ಮಾಡಿಕೋಬೇಡ. ವಯಸ್ಸೂ ಆಯ್ತು.”

ನಂಜಯ್ಯ ತಲೆಯಾಡಿಸಿ ಹೊರಗೆ ಬಂದ. ಬೇರೆ ಡ್ರೈವರಾಗಿದ್ದರೆ ವಾದ ಮಾಡುತ್ತಿದ್ದ. ಇವನು ಮಾಡಲಿಲ್ಲ. ಯಾಕೆಂದರೆ ಟೈರು ಯಾಕೆ ಸವೆಯುತ್ತಿದೆ ಎನ್ನುವುದು ತನಗೆ ಚೆನ್ನಾಗಿ ಗೊತ್ತಿದೆ ಎಂದೇ ಅವನು ನಂಬಿದ್ದ.

ಧರ್ಮಪುರಿಯಿಂದ ಸೇಲಂ ಕಡೆಗೆ ಬರುವಾಗ ಅದಿಯಮಾನ್‌ಕೋಟೆ ದಾಟಿದ ಮೇಲೆ ತೊಪ್ಪೂರು ಘಾಟು ಸಿಗುತ್ತದೆ. ಲೋಡು ಗಾಡಿಗಳಿಗೆ ಅದು ಕೆಟ್ಟ ಇಳಿಜಾರು. ಒಂದೂವರೆ ವರ್ಷದ ಹಿಂದೆ, ಹಾಡಹಗಲಲ್ಲಿ, ಅಲ್ಲಿ ನಂಜಯ್ಯನ ಮುಂದೆಯೇ ಹೋಗುತ್ತಿದ್ದ ಸಿಮೆಂಟ್ ಲಾರಿಯ ಮುಂದಿನ ಟೈರು ಸಿಡಿದಿತ್ತು. ಗಾಡಿ ಒಂದು ಸಲ ಹೊಯ್ದಾಡಿ, ತಡೆಗೋಡೆಗೆ ಉಜ್ಜಿಕೊಂಡು ಹೋಗಿ ಮಗುಚಿಬಿತ್ತು. ನಂಜಯ್ಯ ತನ್ನ ಗಾಡಿ ನಿಲ್ಲಿಸಿ ಓಡಿಹೋಗಿ, ಗಾಜು ಒಡೆದು, ಆ ಡ್ರೈವರನ್ನು ಹೊರಗೆಳೆದಿದ್ದ. ಕಾಲು ಮುರಿದಿದ್ದರೂ ಆ ಮನುಷ್ಯ ಬದುಕಿಕೊಂಡ. ಆದರೆ ನಂಜಯ್ಯನ ಒಳಗೆ ಏನೋ ಮುರಿದುಹೋಯಿತು. ಅಂದಿನಿಂದ ಘಾಟಿನ ತಲೆ ಕಂಡರೆ ಸಾಕು, ಅವನ ಬಲಗಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗಿ ಕೂರುತ್ತಿತ್ತು. ಇಳಿದು ಮುಗಿಯುವವರೆಗೂ ಮೇಲೇಳುತ್ತಿರಲಿಲ್ಲ. ಕೆಳಗೆ ಬಂದಾಗ ಬ್ರೇಕಿನ ಡ್ರಮ್ಮುಗಳಿಂದ ಸುಟ್ಟ ವಾಸನೆ. ತೋಳುಗಳು ಜೋತುಬೀಳುವಷ್ಟು ನೋವು. ಸ್ಟೀರಿಂಗನ್ನು ನೇರವಾಗಿ ಹಿಡಿದರೆ ಗಾಡಿ ನೇರ ಹೋಗುತ್ತಿಲ್ಲ ಎಂದೂ ಅವನಿಗೆ ಅನ್ನಿಸುತ್ತಿತ್ತು. ಅದೂ ಭಯಕ್ಕೆ ಕೈ ನಡುಗುವುದರಿಂದಲೇ ಇರಬೇಕು ಎಂದುಕೊಂಡಿದ್ದ. ಇಪ್ಪತ್ತೇಳು ವರ್ಷದ ಡ್ರೈವರು ಇಳಿಜಾರಿಗೆ ಹೆದರುತ್ತಾನೆ ಎಂದು ಯಾರ ಹತ್ತಿರ ಬಾಯಿಬಿಡುವುದು? ಹೆಂಡತಿ ಪಳನಿಯಮ್ಮನಿಗೂ ಹೇಳಿರಲಿಲ್ಲ.

ಗಾಡಿಯನ್ನು ಬೇರೆಯವರಿಗೆ ಒಪ್ಪಿಸುವ ಮುಂಚೆ ಟೈರುಗಳನ್ನೆಲ್ಲ ಒಂದು ಸಲ ಪರೀಕ್ಷೆ ಮಾಡಿಸಿಬಿಡೋಣ ಎಂದು ವಿಶ್ವನಾಥನ್ ಶುಕ್ರವಾರ ಬೆಳಗ್ಗೆ ಹೊರಗಿನಿಂದ ಜನ ಕರೆಸಿದ. ಬಂದವಳು ಒಬ್ಬ ಹೆಂಗಸು. ಮೂವತ್ತು ದಾಟಿದ ವಯಸ್ಸು, ಖಾಕಿ ಅಂಗಿ, ಹೆಗಲಲ್ಲೊಂದು ಚೀಲ. ಹೆಸರು ಮಾಲತಿ. ಟೈರು ಪರೀಕ್ಷೆ ಮಾಡುವುದೇ ಅವಳ ಕೆಲಸ.

ನಂಜಯ್ಯನಿಗೆ ಮುಜುಗರವಾಯಿತು. ಇಷ್ಟು ದಿನ ಗಂಡಸರು ಆಡಿಕೊಂಡಿದ್ದರು, ಇನ್ನು ಇವಳೊಬ್ಬಳು ಬಂದು ಲೆಕ್ಕ ಹೇಳಬೇಕೇ ಎಂದುಕೊಂಡು ದೂರವೇ ನಿಂತ. ಅವಳು ಯಾರನ್ನೂ ಗಮನಿಸದೆ ಒಂದೊಂದೇ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಗಾಳಿ ನೋಡಿದಳು, ಗೀರುಗಳ ಆಳ ಅಳೆದಳು, ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಟ್ರೈಲರಿನ ಟೈರುಗಳ ಹತ್ತಿರ ಬಂದಾಗ ಅವಳ ಕೈ ನಿಧಾನವಾಯಿತು. ಒಂದೇ ಟೈರನ್ನು ಮತ್ತೆ ಮತ್ತೆ ಸವರಿ ನೋಡತೊಡಗಿದಳು.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು.

“ಅಮ್ಮಾ, ನೀನು ಒಲೆ ಮುಂದೆ ನಿಲ್ಲಬ್ಯಾಡ. ಮಂಡಿ ನೋವು ಅಂತೀಯ, ಮತ್ತೆ ಎದ್ದು ಎದ್ದು ಓಗ್ತೀಯ. ನಾನು ಬಂದು ಸಾರು ಮಾಡ್ತೀನಿ, ಸುಮ್ಕೆ ಕೂತಿರು,” ಎಂದು ಫೋನು ಇಟ್ಟಳು.

ನಂಜಯ್ಯ ತನಗೇ ಗೊತ್ತಿಲ್ಲದಂತೆ ಎರಡು ಹೆಜ್ಜೆ ಮುಂದೆ ಬಂದಿದ್ದ. “ನಿಮ್ದು ಕನ್ನಡವಾ ಮೇಡಂ?”

ಅವಳು ತಲೆಯೆತ್ತಿ ನಕ್ಕಳು. “ಊಂ ಅಣ್ಣ. ಸೇಲಂ ಗುಗೈ. ನಾವು ನೇಯೋರು. ನೀವು?”

“ನಂಗವಳ್ಳಿ ತಾವ. ನಾವು ಬೇಸಾಯದೋರು.”

“ಮೇಡಂ ಗೀಡಂ ಬ್ಯಾಡ ಅಣ್ಣ, ಮಾಲತಿ ಅನ್ನಿ. ಇಲ್ಲಿ ಬನ್ನಿ, ಈ ಟೈರಿನ ಮೇಲೆ ಕೈ ಇಡಿ. ಅಡ್ಡಕ್ಕೆ ಸವರಿ. ಒಳಗಿಂದ ಒರಗೆ.”

ನಂಜಯ್ಯ ಸವರಿದ. ನುಣ್ಣಗಿತ್ತು.

“ಈಗ ಒರಗಿಂದ ಒಳಗೆ.”

ಅಂಗೈಗೆ ಚೂಪಾದ ಅಂಚುಗಳು ಸಿಕ್ಕಿಕೊಂಡವು. ಮೇಟೂರಿನ ಮೀನನ್ನು ಬಾಲದಿಂದ ತಲೆಯ ಕಡೆಗೆ ಸವರಿದರೆ ಹುರುಪೆ ಕೈಗೆ ತಾಗುತ್ತದಲ್ಲ, ಹಾಗೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

“ಅಣ್ಣ, ಒಂದು ಕೇಳ್ತೀನಿ,” ಎಂದಳು ಮಾಲತಿ. “ಘಾಟು ಎಂಗೆ ಇಳಿಸ್ತೀರಾ?”

“ಎಲ್ಲಾರಂಗೇ.”

ಅವಳು ಮತ್ತೆ ಟೈರಿನ ಕಡೆಗೆ ತಿರುಗಿದಳು. ನಂಜಯ್ಯ ಸುತ್ತ ನೋಡಿದ. ನೀರಿನ ಟ್ಯಾಂಕಿನ ಹತ್ತಿರ ಇಬ್ಬರು, ಕ್ಯಾಬಿನ್ನಿನಲ್ಲಿ ಒಬ್ಬ. ಯಾರ್ಡಿನಲ್ಲಿ ತನ್ನನ್ನು ಬಿಟ್ಟರೆ ಕನ್ನಡ ಬಲ್ಲವನು ಕಾರಿಮಂಗಲಂ ಅಶ್ವತ್ಥ್ ಒಬ್ಬನೇ, ಅವನು ಅಂದು ಟ್ರಿಪ್ಪಿಗೆ ಹೋಗಿದ್ದ. ಇಲ್ಲಿ ನಿಂತು ಕನ್ನಡದಲ್ಲಿ ಏನು ಹೇಳಿದರೂ ಈ ಹೆಂಗಸೊಬ್ಬಳಿಗೆ ಮಾತ್ರ ತಿಳಿಯುತ್ತದೆ. ಹಾಗೆ ಅನ್ನಿಸಿದ್ದೇ ತಡ, ಒಂದೂವರೆ ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಹೊರಗೆ ಬಂದುಬಿಟ್ಟಿತು.

“ಸುಳ್ಳು ಏಳ್ದೆ ಮಾಲತಿ. ನಂಗೆ ಭಯ. ಆ ಘಾಟು ಅಂದ್ರೆ ಭಯ. ಬ್ರೇಕ್ ಮೇಲೆ ನಿಂತ್ಕಂಡೇ ಇಳಿಸ್ತೀನಿ. ಕೈ ನಡುಗ್ತೈತೆ, ಗಾಡಿ ನೇರ ಓಗಲ್ಲ. ಟೈರು ತಿಂತಿರೋದು ನನ್ ಭಯ. ಯಜಮಾನ್ರಿಗೆ ಏಳಬ್ಯಾಡ.”

ಸಿಮೆಂಟ್ ಲಾರಿಯ ಕಥೆಯನ್ನೂ ಹೇಳಿದ. ಅವಳು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಆಮೇಲೆ ಟೈರಿನ ಮೇಲೆ ಬೆರಳು ಓಡಿಸುತ್ತ, “ಇಲ್ಲ ಅಣ್ಣ,” ಎಂದಳು.

“ಏನು ಇಲ್ಲ?”

“ಭಯದ ಬ್ರೇಕು ಇಂಗೆ ಸವೆಸಲ್ಲ. ಬ್ರೇಕಿಗೆ ಚಕ್ರ ತಿರುಗ್ದೆ ಎಳ್ಕಂಡೋದ್ರೆ ಟೈರು ಅಲ್ಲಲ್ಲಿ ಚಪ್ಪಟೆ ಆಗ್ತೈತೆ, ಯಾರೋ ತೇಯ್ದಂಗೆ. ಗಾಳಿ ಕಮ್ಮಿ ಆದ್ರೆ ಎರಡು ಅಂಚೂ ಸವೀತಾವೆ, ಜಾಸ್ತಿ ಆದ್ರೆ ನಡುಮಧ್ಯ. ನಿಮ್ಮ ಗಾಳಿ ಎಲ್ಲಾ ಸರಿ ಐತೆ. ಇದು ಅಡ್ಡಡ್ಡ ಉಜ್ಜಿ ಸವೆದಿರೋದು. ಚಕ್ರ ಒಂದು ಕಡೆ ಮುಖ ಮಾಡ್ಕಂಡೈತೆ, ಗಾಡಿ ಇನ್ನೊಂದು ಕಡೆ ಎಳೀತೈತೆ. ಅಣ್ಣ, ಗಾಡಿ ನೇರ ಓಗಲ್ಲ ಅಂದ್ರಲ್ಲ, ಘಾಟಲ್ಲಿ ಮಾತ್ರವಾ? ಇಲ್ಲ ಸಮ ರಸ್ತೆಲೂನಾ?”

ನಂಜಯ್ಯ ಯೋಚಿಸಿದ. ಇದನ್ನು ತಾನು ಯಾವತ್ತೂ ತನಗೇ ಕೇಳಿಕೊಂಡಿರಲಿಲ್ಲ. ಕೃಷ್ಣಗಿರಿಯ ನೇರ ರಸ್ತೆ, ಕಾರಿಮಂಗಲಂ ಬೈಪಾಸು... ಅಲ್ಲೂ ಸ್ಟೀರಿಂಗನ್ನು ಒಂದಿಷ್ಟು ಓರೆಯಾಗಿಯೇ ಹಿಡಿದಿರುತ್ತಿದ್ದ. ಎಡಗಡೆಯ ಕನ್ನಡಿಯಲ್ಲಿ ಟ್ರೈಲರಿನ ಬಾಲ ಯಾವಾಗಲೂ ಒಂದು ಗೇಣು ಹೊರಗೆ ಕಾಣುತ್ತಿತ್ತು.

“ಸಮ ರಸ್ತೆಲೂ,” ಎಂದ.

“ಸಮ ರಸ್ತೆಲಿ ಏನಣ್ಣ ಭಯ?” ಎನ್ನುತ್ತ ಮಾಲತಿ ಎದ್ದು ಕೈಗೆ ಮೆತ್ತಿದ ಧೂಳು ಕೊಡವಿಕೊಂಡಳು.

ಟ್ರೈಲರನ್ನು ಬಿಚ್ಚಿ ಅಳೆಯಬೇಕು, ಎರಡು ಗಂಟೆ ಬೇಕು ಎಂದು ಅವಳು ಹೇಳಿದಾಗ ವಿಶ್ವನಾಥನ್ ಗಡಿಯಾರ ನೋಡಿದ. ಮಧ್ಯಾಹ್ನ ಮೂರಕ್ಕೆ ಆ ಗಾಡಿ ಲೋಡಿಗೆ ಹೋಗಬೇಕಿತ್ತು. ಮಾಲತಿ ತಮಿಳಿನಲ್ಲಿ ಒಂದೇ ಮಾತು ಹೇಳಿದಳು: “ಸಾರ್, ಡ್ರೈವರನ್ನು ಬದಲಾಯಿಸಿದರೆ ಹೊಸ ಡ್ರೈವರೂ ಟೈರು ತಿಂತಾನೆ.” ವಿಶ್ವನಾಥನ್ ಅಂಗಿಯ ತೋಳು ಮಡಚಿಕೊಂಡು ತಾನೇ ಬಂದ.

ಸಿಮೆಂಟ್ ನೆಲದ ಮೇಲೆ ಟ್ರೈಲರನ್ನು ನೇರಕ್ಕೆ ನಿಲ್ಲಿಸಿ, ಮುಂದಿನ ಇಂಜಿನ್ ಗಾಡಿಯನ್ನು ಬಿಡಿಸಿದರು. ಎರಡನ್ನೂ ಜೋಡಿಸುವ ದಪ್ಪ ಕಬ್ಬಿಣದ ಗೂಟ ಟ್ರೈಲರಿನ ಮುಂಭಾಗದ ಅಡಿಯಲ್ಲಿರುತ್ತದೆ. ಅದರಿಂದ ಮಾಲತಿ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು, ನೆಲಕ್ಕೆ ತಾಗಿದ ಕಡೆ ಚುಕ್ಕೆ ಇಟ್ಟಳು. ಆ ಚುಕ್ಕೆಯಿಂದ ಟ್ರೈಲರಿನ ಮೊದಲ ಆಕ್ಸಲಿನ, ಅಂದರೆ ಚಕ್ರದ ಅಚ್ಚಿನ, ಎರಡು ತುದಿಗಳಿಗೂ ಅಳತೆ ಒಂದೇ ಇರಬೇಕು. ಟೇಪಿನ ಒಂದು ತುದಿಯನ್ನು ವಿಶ್ವನಾಥನ್ ಮಂಡಿಯೂರಿ ಚುಕ್ಕೆಯ ಮೇಲೆ ಒತ್ತಿ ಹಿಡಿದ. ಇನ್ನೊಂದು ತುದಿ ನಂಜಯ್ಯನ ಕೈಯಲ್ಲಿ.

ಬಲಗಡೆ ಅಳೆದಳು, ಬರೆದುಕೊಂಡಳು. ಎಡಗಡೆ ಅಳೆದಳು, ಬರೆದುಕೊಳ್ಳಲಿಲ್ಲ.

“ಇನ್ನೊಂದ್ಸಲ ಇಡೀರಿ ಅಣ್ಣ.”

ಮೂರು ಸಲ ಅಳೆದರು. ಮೂರು ಸಲವೂ ಎಡಗಡೆ ಒಂದೂವರೆ ಇಂಚು ಜಾಸ್ತಿ.

“ಒಂದೂವರೆ ಇಂಚೇ ತಾನೆ?” ಎಂದ ವಿಶ್ವನಾಥನ್.

“ಒಂದು ನೂಲಿನಷ್ಟು ವ್ಯತ್ಯಾಸ ಬಂದರೂ ಸರಿಮಾಡಿಸಬೇಕು ಸಾರ್. ಇದು ಒಂದೂವರೆ ಇಂಚು. ಮೊದಲನೇ ಆಕ್ಸಲು ಎಡಕ್ಕೆ ಹೋಗೋಣ ಅನ್ನುತ್ತೆ, ಹಿಂದಿನ ಎರಡು ನೇರ ಹೋಗೋಣ ಅನ್ನುತ್ತವೆ. ಇವುಗಳ ಜಗಳದಲ್ಲಿ ಟ್ರೈಲರಿನ ಹನ್ನೆರಡು ಟೈರೂ ತೇದುಹೋಗುತ್ತವೆ. ಗಾಡಿಯನ್ನು ನೇರ ಇಡೋಕೆ ಡ್ರೈವರು ದಿನವಿಡೀ ಸ್ಟೀರಿಂಗ್ ಓರೆ ಹಿಡಿದಿರಬೇಕು. ಮುಂದಿನ ಟೈರೂ ಅದರಿಂದ ಹಾಳು. ಇವರ ತೋಳು ಕೇಳಿ ನೋಡಿ.”

ಯಾರ್ಡಿನ ಫಿಟ್ಟರು ಟ್ರೈಲರಿನ ಅಡಿಗೆ ನುಸುಳಿದ. ಸ್ವಲ್ಪ ಹೊತ್ತು ಸುತ್ತಿಗೆಯ ಸದ್ದು, ಗ್ರೀಸು ಮಣ್ಣು ಕೆರೆಯುವ ಸದ್ದು. ಆಮೇಲೆ ಸದ್ದು ನಿಂತಿತು.

“ಸಾರ್, ಟಾರ್ಚು ಹಿಡ್ಕೊಂಡು ಬನ್ನಿ,” ಎಂದ ಅವನು ಒಳಗಿಂದ. ದನಿ ಬೇರೆಯಾಗಿತ್ತು.

ಎಡಗಡೆ ಆಕ್ಸಲನ್ನು ಹಿಡಿದಿಡುವ ರಾಡಿನ ರಬ್ಬರ್ ಬುಷ್ ಹರಿದು ಚಿಂದಿಯಾಗಿತ್ತು. ಅದು ದೊಡ್ಡ ವಿಷಯವಲ್ಲ. ರಾಡು ಸಿಕ್ಕಿಸಿದ್ದ ಕಬ್ಬಿಣದ ಬ್ರಾಕೆಟ್ಟಿನಲ್ಲಿ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಅರ್ಧ ಬಿರುಕು ಹಳೆಯದು, ತುಕ್ಕು ಹಿಡಿದಿತ್ತು. ಇನ್ನರ್ಧ ಈಚಿನದು. ಟಾರ್ಚಿನ ಬೆಳಕಿಗೆ ಹೊಸ ಲೋಹ ಬೆಳ್ಳಗೆ ಹೊಳೆಯಿತು. ಹಿಡಿದುಕೊಂಡಿದ್ದುದು ಹೆಬ್ಬೆರಳಿನಷ್ಟು ಅಗಲದ ಕಬ್ಬಿಣ ಮಾತ್ರ.

“ಇನ್ನು ನಾಲ್ಕೈದು ಟ್ರಿಪ್ಪು, ಅಷ್ಟೆ,” ಎಂದ ಫಿಟ್ಟರು. “ಎಲ್ಲಿ ಬಿಡ್ತಿತ್ತು ಅಂತ ಹೇಳಬೇಕಾಗಿಲ್ಲ.”

ಹೇಳಬೇಕಾಗಿರಲಿಲ್ಲ. ಲೋಡು ತುಂಬಿ ಇಳಿಜಾರಿನಲ್ಲಿ ಬ್ರೇಕು ಹಾಕಿದಾಗಲೇ ಅದರ ಮೇಲೆ ಪೂರಾ ಭಾರ ಬೀಳುವುದು. ವಿಶ್ವನಾಥನ್ ಟ್ರೈಲರಿನ ಅಡಿಯಿಂದ ಹೊರಗೆ ಬಂದು, ಮಂಡಿಗೆ ಹತ್ತಿದ ಗ್ರೀಸನ್ನೂ ಒರೆಸಿಕೊಳ್ಳದೆ ನಂಜಯ್ಯನ ಭುಜ ಹಿಡಿದ.

“ಟೈರು ಕಾಲಕ್ಕೆ ಮುಂಚೆ ಸವೆದದ್ದೇ ಒಳ್ಳೇದಾಯ್ತು ನಂಜಯ್ಯಾ. ಇಲ್ಲದಿದ್ದರೆ ಯಾರು ಇದರ ಅಡಿಗೆ ಹೋಗಿ ನೋಡ್ತಿದ್ದರು? ನಿನ್ನ ಮಾತು ನಾನು ಕೇಳಬೇಕಿತ್ತು.”

“ನಾನು ಏನೂ ಹೇಳಲೇ ಇಲ್ಲವಲ್ಲ ಸಾರ್,” ಎಂದ ನಂಜಯ್ಯ.

ಅವನು ಅಲ್ಲೇ ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಕೂತ. ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಸುರಿಯತೊಡಗಿತು. ಕೈ ನಡುಗಿದ್ದಲ್ಲ. ವಯಸ್ಸಾದದ್ದಲ್ಲ. ಇಪ್ಪತ್ತೇಳು ವರ್ಷದ ವಿದ್ಯೆ ಕೈಬಿಟ್ಟಿರಲಿಲ್ಲ. ಕಟ್ಟಿದ್ದ ಉಸಿರು ಎದೆಯ ತಳದಿಂದ ಒಮ್ಮೆಲೇ ಬಿಟ್ಟುಹೋದಂತಾಯಿತು. ಮಾಲತಿ ತನ್ನ ನೀರಿನ ಬಾಟಲಿ ತಂದು ಅವನ ಕೈಗಿಟ್ಟಳು.

“ಅಂದ್ರೆ ನನ್ ಬ್ರೇಕಿಂದ ಏನೂ ಆಗೇ ಇಲ್ವಾ?” ಎಂದು ಅವನು ಮೆಲ್ಲಗೆ ಕನ್ನಡದಲ್ಲಿ ಕೇಳಿದ.

“ಸುಳ್ಳು ಏಳಲ್ಲ ಅಣ್ಣ. ಅಷ್ಟು ಒತ್ತಿ ಹಿಡಿದ್ರೆ ಡ್ರಮ್ಮು ಕಾಯ್ತಾವೆ, ಟೈರಿಗೂ ಬಿಸಿ ಏರ್ತೈತೆ. ಬಿಸಿ ಆದ ಟೈರು ಬೇಗ ಸವೀತೈತೆ. ಆದ್ರೆ ಅದು ನೂರಕ್ಕೆ ಐದೋ ಆರೋ. ಮಿಕ್ಕಿದ್ದೆಲ್ಲ ಈ ಓರೆ ಆಕ್ಸಲ್ಲು. ಘಾಟು ಶುರುವಾಗೋಕೆ ಮುಂಚೆ ಮೇಲೇ ಗೇರು ಇಳಿಸಿಬಿಡಿ. ಇಂಜಿನ್ನೇ ಗಾಡಿನ ಹಿಡಿದ್ಕತೈತೆ. ಭಯ ಇದ್ರೆ ಇರಲಿ ಬಿಡಿ. ಆ ಘಾಟಿಗೆ ಎದರದೆ ಓಡಿಸೋರನ್ನ ಕಂಡ್ರೆ ನಂಗೆ ಭಯ.”

ಸಂಜೆ ನಾಲ್ಕರ ಹೊತ್ತಿಗೆ ಅಶ್ವತ್ಥ್ ಟ್ರಿಪ್ಪು ಮುಗಿಸಿ ಬಂದ. ನಲವತ್ತು ವರ್ಷದ ಗಟ್ಟಿ ಆಳು, ಕ್ಯಾಂಟೀನಿನಲ್ಲಿ ಇಡ್ಲಿಯ ತಮಾಷೆ ಶುರುಮಾಡಿದವನು ಅವನೇ. ಬಿರುಕಿನ ಸುದ್ದಿ ಗೇಟಿನಲ್ಲೇ ಕಿವಿಗೆ ಬಿದ್ದಿರಬೇಕು, ಗಾಡಿ ನಿಲ್ಲಿಸಿ ಸೀದಾ ನಂಜಯ್ಯನ ಹತ್ತಿರ ಬಂದ.

“ಅಣ್ಣೇ, ಓದ ವರ್ಷ ನಿಮಗೆ ಕೊಡೋ ಮುಂಚೆ ಈ ಟ್ರೈಲರ್ ನನ್ ತಾವ ಇತ್ತು.”

“ಊಂ, ಗೊತ್ತು.”

“ಆಗ್ಲೂ ಬಾಲ ಎಡಕ್ಕೆ ಓಗ್ತಿತ್ತು. ರಸ್ತೆನೇ ಒಂದ್ಕಡೆ ಇಳಿಜಾರೈತೆ ಅಂತ ಸುಮ್ನಾದೆ. ಟೈರ್ ಮೇಲೆ ಇಂಜಿನ್ ಗಾಡಿ ನಂಬರ್ ಬರೀತಾರೆ, ಟ್ರೈಲರ್ ನಂಬರ್ ಬರಿಯಲ್ಲ. ಟ್ರೈಲರ್ ನಿಮಗೆ ಬಂತು, ಎಸರೂ ನಿಮಗೇ ಬಂತು. ಅದ್ರ ಮೇಲೆ ನಾನು ನಗಾಡ್ದೆ. ಮನ್ನಿಸ್ಬಿಡಿ ಅಣ್ಣೇ.”

ನಂಜಯ್ಯನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ತಾನೂ ಬಾಯಿ ಮುಚ್ಚಿಕೊಂಡಿದ್ದವನೇ ಅಲ್ಲವೇ? “ಓಗ್ಲಿ ಬಿಡ್ಲಾ,” ಎಂದ. “ನಾಳೆ ಇಡ್ಲಿ ನೀನ್ ತಂದು ಕೊಡು.”

ಬ್ರಾಕೆಟ್ಟು ಬದಲಾಯಿಸಿ ಮೂರೂ ಆಕ್ಸಲುಗಳನ್ನು ನೇರ ಮಾಡುವವರೆಗೆ ಮೂರು ದಿನ ರಜೆ ಸಿಕ್ಕಿತು. ಚಿಕ್ಕ ಗಾಡಿಯ ಮಾತನ್ನು ವಿಶ್ವನಾಥನ್ ಮತ್ತೆ ಎತ್ತಲಿಲ್ಲ. ನಂಜಯ್ಯ ಊರಿಗೆ ಹೋದ. ಭಾನುವಾರ ಮಧ್ಯಾಹ್ನ ಪಳನಿಯಮ್ಮ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಅವನೂ ಎದುರಿಗೆ ಕೂತು, ಒಂದು ಹಿಡಿ ಕಾಯಿ ತೆಗೆದುಕೊಂಡು, ಎಲ್ಲವನ್ನೂ ಹೇಳಿದ. ಸಿಮೆಂಟ್ ಲಾರಿ, ಬ್ರೇಕು, ಆಕ್ಸಲು, ಬಿರುಕು.

ಪಳನಿಯಮ್ಮನ ಕೈ ನಿಂತುಹೋಯಿತು. ಆಮೇಲೆ ಮೊರದಲ್ಲಿದ್ದ ಸಿಪ್ಪೆಯನ್ನೆಲ್ಲ ಅವನ ಮೇಲೆ ಚೆಲ್ಲಿಬಿಟ್ಟಳು.

“ಒಂದೂವರೆ ವರ್ಷ! ಒಂದೂವರೆ ವರ್ಷ ಬಾಯಿಗೆ ಬೀಗ ಆಕ್ಕಂಡಿದ್ದೆ! ಕರೆದ್ರೆ ಮಾತಿಲ್ಲ, ಕೂತ್ರೆ ಎತ್ಲಾಗೋ ನೋಡ್ತೀಯ. ನಾನು ಏನ್ ಅನ್ಕಂಡಿದ್ದೆ ಗೊತ್ತಾ?”

“ಏನು?”

“ಒಸೂರಲ್ಲಿ ಇನ್ನೊಬ್ಳು ಅವ್ಳೆ ಅಂತ!”

ನಂಜಯ್ಯ ಬಾಯಿ ತೆರೆದುಕೊಂಡು ಕೂತ. ತಲೆಯ ಮೇಲೆ, ಹೆಗಲ ಮೇಲೆ ಕಡಲೆಸಿಪ್ಪೆ. ಪಳನಿಯಮ್ಮನಿಗೆ ಅಳು ಬಂದಿತ್ತು, ಅವನ ಅವತಾರ ನೋಡಿ ನಗುವೂ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, “ನನ್ ಸವತಿ ಆ ಘಾಟಾ?” ಎಂದಳು. “ತೋರ್ಸು ನಂಗೆ. ಎಂಗವ್ಳೆ ಅಂತ ನೋಡ್ತೀನಿ.”

ತಮಾಷೆಗೆ ಅಂದದ್ದು ಎಂದುಕೊಂಡಿದ್ದ ನಂಜಯ್ಯ. ಅವಳು ಬಿಡಲಿಲ್ಲ. ವಿಶ್ವನಾಥನ್‌ನನ್ನು ಕೇಳಿದರೆ, ಒಂದು ಸಲಕ್ಕೆ ಆಗಲಿ ಎಂದ. ರಿಪೇರಿಯಾದ ಗಾಡಿಯ ಮೊದಲ ಟ್ರಿಪ್ಪಿಗೇ ಪಳನಿಯಮ್ಮ ಚಿತ್ರಾನ್ನ ಕಟ್ಟಿಕೊಂಡು ಕ್ಯಾಬಿನ್ನಿಗೆ ಹತ್ತಿ ಕೂತಳು. ಅಷ್ಟು ಎತ್ತರದಿಂದ ರಸ್ತೆಯನ್ನು ಅವಳು ನೋಡಿದ್ದು ಅದೇ ಮೊದಲು. ಹೋಗುವಾಗ ಕಾಣಿಸಿದ ಬಸ್ಸು, ಬೈಕು, ಬಾವಿ, ಕೋತಿಗಳ ಹಿಂಡು, ಎಲ್ಲದರ ಮೇಲೂ ಒಂದೊಂದು ಮಾತು. ಹೊಸೂರಿನಲ್ಲಿ ಲೋಡು ಇಳಿಸಿ, ಹೊಸ ಲೋಡು ತುಂಬಿಸಿ, ಮಾರನೆಯ ಬೆಳಗ್ಗೆ ಹೊರಟರು.

ಗಾಡಿ ಬೇರೆಯೇ ಗಾಡಿಯಾಗಿತ್ತು. ಕಾರಿಮಂಗಲಂ ದಾಟಿದ ಮೇಲೆ ನಂಜಯ್ಯ ಸ್ಟೀರಿಂಗನ್ನು ಎರಡೇ ಬೆರಳಲ್ಲಿ ಹಿಡಿದು ನೋಡಿದ. ನೇರ ಹೋಯಿತು. ಕನ್ನಡಿಯಲ್ಲಿ ಟ್ರೈಲರಿನ ಬಾಲ ಇರಬೇಕಾದಲ್ಲೇ ಇತ್ತು. ತೋಳಿನಲ್ಲಿ ನೋವೇ ಇಲ್ಲ. ಅದಿಯಮಾನ್‌ಕೋಟೆಯ ಹತ್ತಿರ ಪಳನಿಯಮ್ಮನ ಮಾತು ಕಮ್ಮಿಯಾಯಿತು.

ಘಾಟಿನ ತಲೆಯಲ್ಲಿ ಅವನು ಗೇರು ಇಳಿಸಿದ. ಇಂಜಿನ್ನು ಗುಟುರು ಹಾಕುತ್ತ ಭಾರವನ್ನು ಹಿಡಿದುಕೊಂಡಿತು. ಎದೆ ಹೊಡೆದುಕೊಳ್ಳಲು ಶುರುವಾಯಿತು, ಅದೇನೂ ಹೋಗಿರಲಿಲ್ಲ. ಸಿಮೆಂಟ್ ಲಾರಿ ಮಗುಚಿದ್ದ ತಿರುವು ಹತ್ತಿರ ಬಂದಾಗ ಬಲಗಾಲು ಬ್ರೇಕಿನ ಕಡೆಗೆ ಹೋಯಿತು. ಹೋಗಲಿ ಎಂದುಕೊಂಡ. ಒತ್ತಿದ, ಬಿಟ್ಟ. ಮತ್ತೆ ಒತ್ತಿದ, ಬಿಟ್ಟ. ಗಾಡಿ ಮಾತು ಕೇಳುತ್ತಿತ್ತು. ಎಡಗಡೆ ಬೆಟ್ಟ, ಬಲಗಡೆ ಬಿಸಿಲು. ಹಿಂದಿನಿಂದ ಯಾರೋ ಅವಸರದವನು ಹಾರ್ನ್ ಹೊಡೆದ, ನಂಜಯ್ಯ ಕೈ ಬೀಸಿ ಅವನನ್ನು ಮುಂದಕ್ಕೆ ಕಳಿಸಿದ. ಒಂದು ತಿರುವು, ಇನ್ನೊಂದು ತಿರುವು. ಆಮೇಲೆ ರಸ್ತೆ ಸಮವಾಯಿತು, ದೂರದಲ್ಲಿ ಟೋಲ್‌ಗೇಟಿನ ಚಾವಣಿ ಕಾಣಿಸಿತು.

ಇಷ್ಟು ಹೊತ್ತು ಇವಳು ಒಂದು ಮಾತೂ ಆಡಲಿಲ್ಲವಲ್ಲ, ಹೆದರಿದಳೇನೋ ಎಂದು ಅವನು ಪಕ್ಕಕ್ಕೆ ತಿರುಗಿ ನೋಡಿದ. ಪಳನಿಯಮ್ಮ ಕಿಟಕಿಗೆ ತಲೆಯೊರಗಿಸಿ, ಬಾಯಿ ಅರೆತೆರೆದು, ಗಾಢ ನಿದ್ದೆಯಲ್ಲಿದ್ದಳು. ಗಾಡಿ ಅಲುಗಿದಾಗಲೆಲ್ಲ ಬಳೆಗಳು ಕಿಣಿಗುಟ್ಟುತ್ತಿದ್ದವು.

ಟೋಲ್‌ಗೇಟಿನಲ್ಲಿ ಗಾಡಿ ನಿಂತಾಗ ಅವಳಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ಸುತ್ತಮುತ್ತ ನೋಡಿದಳು.

“ಘಾಟು ಬಂತಾ?”

“ಓಯ್ತು,” ಎಂದ ನಂಜಯ್ಯ.